ಮನೆಯ ಸರ್ವರಿನಲ್ಲಿ ಕಂಟೇನರುಗಳ ದೋಷಪರೀಕ್ಷೆ ಮತ್ತು ಪುನರುದ್ಧಾರ

ಯಳಂದೂರು ಸೀಮೆಯು ಗ್ರಂಥಪರಂಪರೆಗೆ ಹೊಸತಾದ ನೆಲವಲ್ಲ. ಹದಿನೇಳನೆಯ ಶತಮಾನದ ಮಹಾಕವಿ ಷಡಕ್ಷರದೇವನ ಹೆಸರು ಈ ಊರಿನೊಡನೆ ಬೆಸೆದುಕೊಂಡಿದೆ. ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದ ಸಂಚಿಯ ಹೊನ್ನಮ್ಮನೂ ಇಲ್ಲಿಯವಳೆಂಬುದು ಪ್ರತೀತಿ. ಇವರ ಕೃತಿಗಳು ನಮ್ಮ ಕೈಸೇರಿರುವುದು ಓಲೆಯಿಂದ ಓಲೆಗೆ ಪ್ರತಿಮಾಡುತ್ತ ಬಂದ ಲಿಪಿಕಾರರ ಪರಿಶ್ರಮದ ಫಲವಾಗಿ. ಓಲೆಯ ಕಾಲ ಕಳೆಯಿತು. ಅಚ್ಚಿನ ಕಾಲವೂ ಅರ್ಧ ಕಳೆದಂತಿದೆ. ಇಂದು ಹಳೆಯ ಕಡತಗಳು, ಕೈಬರಹದ ಲೆಕ್ಕದ ಪುಸ್ತಕಗಳು, ಮದುವೆ ಮುಂಜಿಗಳ ಛಾಯಾಚಿತ್ರಗಳು, ಶಾಲೆಯ ಹಿಂದಿನ ಸಂಚಿಕೆಗಳು ಗಣಕಯಂತ್ರದ ಒಡಲನ್ನು ಸೇರುತ್ತಿವೆ. ಓಲೆಗೆ ಗೆದ್ದಲಿನ ಭಯವಿದ್ದಂತೆ ಈ ಹೊಸ ಭಂಡಾರಕ್ಕೂ ತನ್ನದೇ ಆದ ಭಯಗಳುಂಟು. ಅವುಗಳ ಸ್ವರೂಪವನ್ನೂ, ಕೆಟ್ಟುನಿಂತ ಭಂಡಾರವನ್ನು ಮರಳಿ ಎಬ್ಬಿಸುವ ಕ್ರಮವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡ ಪಂಡಿತನಾದವನು ಗಣಕದ ವಿಷಯದಲ್ಲಿ ಲೇಖನಿ ಹಿಡಿದುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಕಾರಣ ಸರಳವಾದುದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮನೆತನದ ಕಾಗದಪತ್ರಗಳನ್ನೂ ಶಾಲೆಯ ಕೆಲವು ಹಳೆಯ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡಿ ಮನೆಯ ಗಣಕದಲ್ಲಿ ಇರಿಸಿ, ಯಂತ್ರವು ಓದಿದ ಕನ್ನಡ ಪಾಠವನ್ನು ತಿದ್ದಿಕೊಡಬೇಕೆಂದು ನನ್ನನ್ನು ಕರೆದರು. ಕರಡು ತಿದ್ದಲು ಹೋದವನಿಗೆ ಆ ಯಂತ್ರದ ಕಾಯಿಲೆ ಕಸಾಲೆಗಳನ್ನೂ ಅದರ ಉಪಚಾರವನ್ನೂ ಕಣ್ಣಾರೆ ನೋಡುವ ಅವಕಾಶ ಒದಗಿತು. ಕೇಳಿ ತಿಳಿದುದನ್ನು, ಇಂಥ ಸಂಗ್ರಹಕ್ಕೆ ತೊಡಗಿರುವ ಇತರ ಮಹನೀಯರಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಸರ್ವರ್ ಎಂದರೆ ಸೇವಕ. ಇತರ ಯಂತ್ರಗಳು ಕೇಳಿದುದನ್ನು ತೆಗೆದುಕೊಡುವ ಯಂತ್ರ. ಅದು ದೊಡ್ಡ ಕಟ್ಟಡದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಕೆಲಸಕ್ಕೆ ಬಾರದೆಂದು ಮೂಲೆಗಿಟ್ಟ ಹಳೆಯ ಗಣಕವಾಗಲಿ, ಅಂಗೈಯಗಲದ ರಾಸ್ಪ್‌ಬೆರಿ ಪೈ ಆಗಲಿ ಒಂದು ಮನೆಯ ಸೇವೆಗೆ ಸಾಕು. ಅದರಲ್ಲಿ ಛಾಯಾಚಿತ್ರಗಳಿಗೊಂದು, ಕಾಗದಪತ್ರಗಳಿಗೊಂದು, ಹಾಡುಗಳಿಗೊಂದು ಎಂದು ಬೇರೆಬೇರೆ ತಂತ್ರಾಂಶಗಳನ್ನು ನಡೆಸುತ್ತಾರೆ. ಒಂದಕ್ಕೆ ಬೇಕಾದ ಉಪಾಂಗವು ಇನ್ನೊಂದಕ್ಕೆ ಒಗ್ಗದಿರುವುದುಂಟು. ಆದುದರಿಂದ ಪ್ರತಿಯೊಂದು ತಂತ್ರಾಂಶವನ್ನೂ ಅದರ ಪರಿಕರಗಳೊಡನೆ ಪ್ರತ್ಯೇಕವಾದ ಆವರಣದಲ್ಲಿ ಇರಿಸುವ ಉಪಾಯವನ್ನು ತಜ್ಞರು ಕಂಡುಕೊಂಡರು. ಆ ಆವರಣವೇ ಕಂಟೇನರ್. ಸಂಪುಟ, ಭರಣಿ, ಧಾರಕ ಎಂದು ಇದಕ್ಕೆ ಕನ್ನಡದಲ್ಲಿ ಹೆಸರಿಡಬಹುದಾದರೂ ಕೆಲಸಗಾರರ ಬಾಯಲ್ಲಿರುವ ಶಬ್ದವನ್ನೇ ಉಳಿಸಿಕೊಂಡಿದ್ದೇನೆ. ಪಾರಿಭಾಷಿಕ ಶಬ್ದವನ್ನು ಟಂಕಿಸುವ ಉತ್ಸಾಹದಲ್ಲಿ ವಿಷಯವೇ ಮರೆಯಾದ ನಿದರ್ಶನಗಳು ನಮ್ಮಲ್ಲಿ ಬೇಕಾದಷ್ಟಿವೆ.

ಈ ಉಪಾಯದ ಮೂಲ ಹಳೆಯದು. 1979ರ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿಯೇ ಒಂದು ತಂತ್ರಾಂಶಕ್ಕೆ ಗಣಕದ ಒಂದು ಕೋಣೆಯನ್ನಷ್ಟೇ ತೋರಿಸಿ, ಅದೇ ಇಡೀ ಮನೆಯೆಂದು ನಂಬಿಸುವ ಏರ್ಪಾಡಿತ್ತು. ಕೋಣೆಗೆ ಇಷ್ಟೇ ಸ್ಮೃತಿ, ಇಷ್ಟೇ ಸಂಸ್ಕಾರಕದ ಕಾಲ ಎಂದು ಪಡಿ ಅಳೆಯುವ ವ್ಯವಸ್ಥೆಯು 2008ರಲ್ಲಿ ಲಿನಕ್ಸ್‌ನ ಕರ್ನೆಲ್ ಎಂಬ ಮೂಲಭಾಗವನ್ನು ಸೇರಿತು. ಇವೆಲ್ಲವನ್ನೂ ಸಾಮಾನ್ಯರು ಬಳಸಬಲ್ಲ ರೂಪಕ್ಕೆ ತಂದುದು 2013ರಲ್ಲಿ ಪ್ರಕಟವಾದ ಡಾಕರ್. ಕಂಟೇನರುಗಳೆಲ್ಲವೂ ಆತಿಥೇಯ ಯಂತ್ರದ ಒಂದೇ ಕರ್ನೆಲ್ಲನ್ನು ಹಂಚಿಕೊಳ್ಳುತ್ತವೆ. ಆದುದರಿಂದಲೇ ಹಳೆಯ ಯಂತ್ರವೂ ಹತ್ತಾರು ಕಂಟೇನರುಗಳನ್ನು ಹೊರಬಲ್ಲುದು.

ಇನ್ನು ಮುಂದಿನ ಎಲ್ಲ ಮಾತಿಗೂ ಆಧಾರವಾದ ಒಂದು ಭೇದವನ್ನು ಓದುಗರು ಮನದಟ್ಟು ಮಾಡಿಕೊಳ್ಳಬೇಕು. ನಮ್ಮ ಕಬ್ಬಿನ ಸೀಮೆಯವರಿಗೆ ಆಲೆಮನೆಯ ದೃಷ್ಟಾಂತ ಸಾಕು. ಅಚ್ಚುಬೆಲ್ಲಕ್ಕೆ ಮರದ ಅಚ್ಚು ಇರುವಂತೆ ಕಂಟೇನರಿಗೆ ಇಮೇಜ್ ಎಂಬ ಅಚ್ಚು ಇರುತ್ತದೆ. ಅಚ್ಚು ಬದಲಾಗುವುದಿಲ್ಲ, ಅದರಿಂದ ಎಷ್ಟು ಬೆಲ್ಲವನ್ನಾದರೂ ಎರೆಯಬಹುದು. ಒಂದು ಬೆಲ್ಲ ಒಡೆದರೆ ಮತ್ತೊಂದನ್ನು ಎರೆಯುವುದು ಕ್ಷಣಮಾತ್ರದ ಕೆಲಸ. ಆದರೆ ಬೆಲ್ಲದ ಮೇಲೆ ಯಾರಾದರೂ ಉಗುರಿನಿಂದ ಏನನ್ನಾದರೂ ಬರೆದಿದ್ದರೆ ಆ ಬರಹ ಅಚ್ಚಿನಲ್ಲಿರುವುದಿಲ್ಲ. ಅಂತೆಯೇ ಕಂಟೇನರ್ ನಡೆಯುತ್ತಿರುವಾಗ ಅದರ ಒಳಗೇ ಬರೆದುದೆಲ್ಲವೂ ಅದರ ಮೇಲ್ಪದರದಲ್ಲಿ ನಿಲ್ಲುತ್ತದೆ. ಕಂಟೇನರನ್ನು ನಿಲ್ಲಿಸಿದರೆ ಆ ಪದರ ಉಳಿಯುತ್ತದೆ. ಅಳಿಸಿದರೆ ಪದರವೂ ಅಳಿಯುತ್ತದೆ. ಅಳಿಯಬಾರದ ವಸ್ತುವನ್ನು ಕಂಟೇನರಿನ ಹೊರಗೆ, ಆತಿಥೇಯ ಯಂತ್ರದ ಡಿಸ್ಕಿನಲ್ಲಿ ಇರಿಸಿ, ಒಳಗಿನಿಂದ ಅದಕ್ಕೊಂದು ಬಾಗಿಲು ತೆರೆಯುವುದು ಶಿಷ್ಟಕ್ರಮ. ಹೀಗೆ ಹೊರಗಿಟ್ಟ ಉಗ್ರಾಣಕ್ಕೆ ವಾಲ್ಯೂಮ್ ಎಂದು ಹೆಸರು. ನಮಗೆ ವಾಲ್ಯೂಮ್ ಎಂದೊಡನೆ ಗ್ರಂಥಸಂಪುಟ ನೆನಪಾಗುತ್ತದೆ. ಇಲ್ಲಿ ಆ ಅರ್ಥವಿಲ್ಲ. ಯಾವ ಅಚ್ಚು, ಯಾವ ಉಗ್ರಾಣ, ಯಾವ ಬಾಗಿಲು ಎಂಬುದನ್ನೆಲ್ಲ ನಮೂದಿಸುವ ಒಂದೆರಡು ಪುಟದ ಬರಹಕ್ಕೆ ಕಂಪೋಸ್ ಕಡತವೆನ್ನುತ್ತಾರೆ.

ಈಗ ಭಂಡಾರ ಕೆಟ್ಟು ನಿಂತಿತೆನ್ನೋಣ. ಬೆಳಗ್ಗೆ ಎದ್ದು ನೋಡಿದರೆ ಪುಟ ತೆರೆಯುತ್ತಿಲ್ಲ. ಇಂಥ ಸಂದರ್ಭದಲ್ಲಿ ಬಹುಮಂದಿ ಮಾಡುವ ಮೊದಲ ಕೆಲಸವೆಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹೂಡುವುದು. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮೊದಲು ನಿದಾನವನ್ನು ಹೇಳಿರುವುದು ಸುಮ್ಮನೆ ಅಲ್ಲ. ಮೊದಲು ‘ಡಾಕರ್ ಪಿಎಸ್ -ಎ’ ಎಂಬ ಆಜ್ಞೆಯನ್ನು ಕೊಟ್ಟು ನಡೆಯುತ್ತಿರುವ, ನಿಂತಿರುವ ಎಲ್ಲ ಕಂಟೇನರುಗಳ ಪಟ್ಟಿಯನ್ನು ನೋಡಬೇಕು. ಕೊನೆಯ ‘ಎ’ ಬಿಟ್ಟರೆ ನಿಂತವು ಪಟ್ಟಿಯಲ್ಲಿ ಬರುವುದಿಲ್ಲ. ಬರಲಿಲ್ಲವೆಂದು ಅವು ನಾಶವಾದವೆಂದು ತಿಳಿದು ಗಾಬರಿಯಾಗುವವರುಂಟು. ನಿಂತ ಕಂಟೇನರಿನ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು ಮರಣಪತ್ರದಲ್ಲಿ ಬರೆದ ಕಾರಣವಿದ್ದಂತೆ. 0 ಇದ್ದರೆ ಕೆಲಸ ಮುಗಿಸಿ ತಾನೇ ನಿಂತಿದೆ. 1 ಇದ್ದರೆ ಸಾಮಾನ್ಯವಾಗಿ ತಂತ್ರಾಂಶದ ಒಳದೋಷ. 127 ಎಂದರೆ ನಡೆಸಬೇಕಾದ ಆಜ್ಞೆಯೇ ಒಳಗೆ ಸಿಗಲಿಲ್ಲ. 126 ಎಂದರೆ ಸಿಕ್ಕಿತು, ನಡೆಸಲಾಗಲಿಲ್ಲ. 143 ಎಂದರೆ ಹೊರಗಿನಿಂದ ನಿಲ್ಲೆಂದು ಹೇಳಲಾಯಿತು. 137 ಎಂದರೆ ಹೇಳದೆ ಕೇಳದೆ ಕೊಲ್ಲಲಾಯಿತು. ಈ ಕೊನೆಯ ಎರಡು ಸಂಖ್ಯೆಗಳು 128ಕ್ಕೆ ಕ್ರಮವಾಗಿ 15 ಮತ್ತು 9 ಎಂಬ ಸಂಕೇತಸಂಖ್ಯೆಗಳನ್ನು ಕೂಡಿಸಿ ಬಂದವು. 137ಕ್ಕೆ ಹೆಚ್ಚಾಗಿ ಸ್ಮೃತಿಯ ಕೊರತೆಯೇ ಕಾರಣ. ಆದರೆ ನಿಲ್ಲೆಂದು ಹೇಳಿ 10 ಸೆಕೆಂಡು ಕಾದರೂ ನಿಲ್ಲದ ಕಂಟೇನರನ್ನು ಡಾಕರ್ ತಾನೇ ಕೊಂದಾಗಲೂ ಇದೇ ಸಂಖ್ಯೆ ಬೀಳುತ್ತದೆ. ಆದ್ದರಿಂದ ‘ಡಾಕರ್ ಇನ್‌ಸ್ಪೆಕ್ಟ್’ ಎಂಬ ಆಜ್ಞೆಯಿಂದ ಸ್ಮೃತಿಕ್ಷಯವೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು.

ಅನಂತರ ‘ಡಾಕರ್ ಲಾಗ್ಸ್’. ಲಾಗ್ ಎಂಬುದು ಕಂಟೇನರಿನ ದಿನಚರಿ. ಏಳುವುದು, ಬೀಳುವುದು, ಮತ್ತೆ ಏಳುವುದು ಎಂಬ ಚಕ್ರಕ್ಕೆ ಸಿಕ್ಕಿದ ಕಂಟೇನರಿನ ದಿನಚರಿಯಲ್ಲಿ ಒಂದೇ ಪಾಠ ನೂರು ಬಾರಿ ಆವರ್ತಿಸಿರುತ್ತದೆ. ಡಾಕರ್ ಅಂಥದನ್ನು ಎಬ್ಬಿಸುವ ಮುನ್ನ ಕಾಯುವ ಅವಧಿಯನ್ನು ಪ್ರತಿ ಸಲವೂ ಇಮ್ಮಡಿಸುತ್ತ ಒಂದು ನಿಮಿಷದವರೆಗೂ ಒಯ್ಯುತ್ತದೆ. ಆದಕಾರಣ ನೋಡುವವರಿಗೆ ಅದು ಕೆಲವೊಮ್ಮೆ ಬದುಕಿದೆ, ಕೆಲವೊಮ್ಮೆ ಸತ್ತಿದೆ ಎಂಬ ಭ್ರಮೆಯಾಗುತ್ತದೆ. ದಿನಚರಿಯನ್ನು ಓದುವಾಗ ಕೊನೆಯ ಸಾಲಿಗೆ ಮರುಳಾಗದೆ, ಚಕ್ರದ ಆರಂಭದಲ್ಲಿ ಬಂದ ಮೊದಲ ದೋಷವನ್ನು ಹುಡುಕಬೇಕು. ಗ್ರಂಥಸಂಪಾದನೆ ಬಲ್ಲವರಿಗೆ ಇದು ಪರಿಚಿತವಾದ ಮಾತು. ಒಬ್ಬ ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟರೆ, ಛಂದಸ್ಸು ಕೆಟ್ಟಿತೆಂದು ಮುಂದಿನವನು ಒಂದನ್ನು ಸೇರಿಸುತ್ತಾನೆ. ಅರ್ಥ ಕೆಟ್ಟಿತೆಂದು ಮೂರನೆಯವನು ಪದವನ್ನೇ ಬದಲಿಸುತ್ತಾನೆ. ಮೂರನೆಯವನನ್ನು ತಿದ್ದಿದರೆ ಪಾಠ ಶುದ್ಧವಾಗದು. ‘ಡೇಟಾಬೇಸ್ ದೊರೆಯಲಿಲ್ಲ’ ಎಂದು ಚಿತ್ರಸಂಗ್ರಹದ ಕಂಟೇನರ್ ಗೋಳಿಡುತ್ತಿದ್ದರೆ ರೋಗ ಅದರಲ್ಲಿಲ್ಲ. ಪಕ್ಕದ ಡೇಟಾಬೇಸಿನ ದಿನಚರಿಯನ್ನು ತೆರೆಯಬೇಕು. ಅದು ಡಿಸ್ಕಿನಲ್ಲಿ ಜಾಗವಿಲ್ಲವೆನ್ನುತ್ತಿದ್ದರೆ ರೋಗ ಅಲ್ಲಿಯೂ ಇಲ್ಲ.

ನಾನು ಪ್ರತ್ಯಕ್ಷ ಕಂಡ ಒಂದು ಪ್ರಸಂಗವನ್ನು ಇಲ್ಲಿ ವಿಸ್ತರಿಸಿ ಹೇಳುವುದು ಅವಶ್ಯ. ದಕ್ಷಿಣ ಭಾರತದ ಮೊದಮೊದಲ ಜಲವಿದ್ಯುತ್ತು 1902ರಲ್ಲಿ ನಮ್ಮ ನೆರೆಯ ಶಿವನಸಮುದ್ರದಲ್ಲಿ ಹುಟ್ಟಿ, ಬೆಟ್ಟ ಬಯಲುಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಹುಟ್ಟಿದ ಮನೆಯ ನೆರೆಯವರೆಂಬ ದಾಕ್ಷಿಣ್ಯವೇನೂ ಅದಕ್ಕಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಗಾಳಿಮಳೆ ಎದ್ದ ರಾತ್ರಿ ನಮ್ಮ ಊರಿನ ದೀಪಗಳೂ ಆರುತ್ತವೆ. ಅಂಥದೊಂದು ರಾತ್ರಿ ಹಳೆಯ ವಿದ್ಯಾರ್ಥಿಯ ಮನೆಯ ಯಂತ್ರ ಹಠಾತ್ತಾಗಿ ನಿಂತಿತು. ಬೆಳಗ್ಗೆ ವಿದ್ಯುತ್ತು ಬಂದು ಯಂತ್ರ ತಾನಾಗಿ ಎದ್ದಿತು. ಕಂಟೇನರುಗಳೂ ಎದ್ದವು, ಯಾವ ದೋಷದ ಸಂಖ್ಯೆಯೂ ಇಲ್ಲ. ಪುಟ ತೆರೆದರೆ, ‘ಸ್ವಾಗತ, ಮೊದಲ ಬಳಕೆದಾರರ ಹೆಸರನ್ನು ನಮೂದಿಸಿ’ ಎಂಬ ಒಕ್ಕಣೆ! ಒಳಗೆ ಒಂದು ಚಿತ್ರವಿಲ್ಲ, ಒಂದು ಪತ್ರವಿಲ್ಲ. ಮನೆಯ ಹಿರಿಯರ ಮುಖ ಬಾಡಿತು. ಆ ಸಂಗ್ರಹದಲ್ಲಿದ್ದ ಕೆಲವು ಮೂಲ ಕಾಗದಗಳು ಸ್ಕ್ಯಾನ್ ಆದ ಮೇಲೆ ಹುಳುಬಿದ್ದು ಪುಡಿಯಾಗಿದ್ದುವು. ಅವುಗಳಿಗೆ ಈ ಯಂತ್ರದಲ್ಲಿದ್ದುದೇ ಏಕೈಕ ಪ್ರತಿ. ಮನೆಯ ಕಿರಿಯರೊಬ್ಬರು, ‘ಅಪ್ಪಾಜಿ, ಮೊಬೈಲಿನಲ್ಲಿ ಇರುವಷ್ಟನ್ನಾದರೂ ಈಗಲೇ ಮತ್ತೆ ಏರಿಸಿಬಿಡೋಣ’ ಎಂದರು. ‘ಬೇಡ, ಏನನ್ನೂ ಮುಟ್ಟಬೇಡ’ ಎಂದು ನಮ್ಮ ವಿದ್ಯಾರ್ಥಿ ತಡೆದರು. ಆ ತಡೆಯೇ ಸಂಗ್ರಹವನ್ನು ತೊಡಕಿನಿಂದ ಪಾರುಮಾಡಿತು.

ನಡೆದದ್ದು ಇಷ್ಟು. ಸಂಗ್ರಹವಿದ್ದುದು ಹೊರಗಿನಿಂದ ಜೋಡಿಸಿದ ಒಂದು ಡಿಸ್ಕಿನಲ್ಲಿ. ಲಿನಕ್ಸ್‌ನಲ್ಲಿ ಅಂಥ ಡಿಸ್ಕನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸುತ್ತಾರೆ. ಇದಕ್ಕೆ ಮೌಂಟ್ ಮಾಡುವುದೆನ್ನುತ್ತಾರೆ. ಆ ದಿನ ಡಿಸ್ಕು ಏಳುವುದು ತಡವಾಯಿತು, ಯಂತ್ರ ಅದಕ್ಕಾಗಿ ಕಾಯಲಿಲ್ಲ. ಕಂಟೇನರ್ ಎದ್ದು ತನ್ನ ಬಾಗಿಲನ್ನು ತೆರೆದು ನೋಡಿದಾಗ ಕಂಡುದು ಕೆಳಗಿನ ಖಾಲಿ ಫೋಲ್ಡರು. ಖಾಲಿಯಿದ್ದುದನ್ನು ಕಂಡು, ಇದು ಹೊಸ ಮನೆಯೆಂದು ಬಗೆದು, ಹೊಸ ಡೇಟಾಬೇಸನ್ನು ಅಲ್ಲಿಯೇ ಹೂಡಿತು. ಹಳೆಯ ಸಂಗ್ರಹ ಡಿಸ್ಕಿನಲ್ಲಿ ಒಂದಿಷ್ಟೂ ಮುಕ್ಕಾಗದೆ ಇತ್ತು. ಆ ಗಳಿಗೆಯಲ್ಲಿ ಚಿತ್ರಗಳನ್ನು ಮತ್ತೆ ಏರಿಸಿದ್ದರೆ ಅವು ಮುಖ್ಯ ಡಿಸ್ಕನ್ನು ತುಂಬುತ್ತಿದ್ದುವು. ಆಮೇಲೆ ಹೊರಡಿಸ್ಕನ್ನು ಮೌಂಟ್ ಮಾಡಿದಾಗ ಹೊಸದಾಗಿ ಏರಿಸಿದವು ಅದರ ಅಡಿಯಲ್ಲಿ ಮರೆಯಾಗಿ, ಕಣ್ಣಿಗೂ ಕಾಣದೆ, ಜಾಗವನ್ನೂ ಬಿಡದೆ ಕುಳಿತಿರುತ್ತಿದ್ದುವು. ಪರಿಹಾರ ಅತ್ಯಲ್ಪ: ಮೊದಲು ಕಂಟೇನರನ್ನು ನಿಲ್ಲಿಸುವುದು, ಡಿಸ್ಕನ್ನು ಮೌಂಟ್ ಮಾಡುವುದು, ಫೋಲ್ಡರಿನಲ್ಲಿ ಹಳೆಯ ಕಡತಗಳು ಕಾಣುತ್ತಿವೆಯೇ ಎಂದು ನೋಡುವುದು, ಅನಂತರ ಕಂಟೇನರನ್ನು ನಡೆಸುವುದು. ಈ ಅನುಕ್ರಮ ತಪ್ಪಬಾರದು. ಕಂಟೇನರ್ ನಡೆಯುತ್ತಿರುವಾಗಲೇ ಡಿಸ್ಕನ್ನು ಮೌಂಟ್ ಮಾಡಿದರೆ ಹೊರಗಿನವರಿಗೆ ಹೊಸ ನೋಟ ಕಂಡರೂ ಒಳಗಿನ ಕಂಟೇನರಿಗೆ ಹಳೆಯ ಖಾಲಿ ಫೋಲ್ಡರೇ ಕಾಣುತ್ತಿರುತ್ತದೆ.

ಇದು ಮರುಕಳಿಸದಂತೆ ಅವರು ಎರಡು ಏರ್ಪಾಡು ಮಾಡಿದರು. ಡಿಸ್ಕನ್ನು ಅದು ಜೋಡಣೆಯಾದ ಕ್ರಮದಿಂದ ಗುರುತಿಸದೆ ಅದರ ಸ್ಥಿರವಾದ ಗುರುತುಸಂಖ್ಯೆಯಿಂದ ಗುರುತಿಸುವಂತೆ ಬರೆದದ್ದು ಒಂದು. ಆ ಡಿಸ್ಕು ಮೌಂಟ್ ಆಗುವವರೆಗೆ ಡಾಕರ್ ಸೇವೆಯೇ ಏಳಕೂಡದೆಂದು, ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕನಿಗೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಎಂಬ ವಿಧಿಯಿಂದ ಕಟ್ಟುಮಾಡಿದ್ದು ಇನ್ನೊಂದು. ಒಂದು ಯುಪಿಎಸ್ ಪೆಟ್ಟಿಗೆಯನ್ನೂ ತಂದರು. ದಾನಿಗಳು ಗಣಕವನ್ನು ಕೊಡುವಾಗ ಈ ಪೆಟ್ಟಿಗೆಯ ವೆಚ್ಚವನ್ನೂ ಸೇರಿಸಿ ಕೊಡುವುದು ಮೇಲೆಂದು ಪ್ರಾಸಂಗಿಕವಾಗಿ ವಿಜ್ಞಾಪಿಸುತ್ತೇನೆ.

ಡಿಸ್ಕು ತುಂಬಿಹೋಗುವುದು ಮತ್ತೊಂದು ಸಾಮಾನ್ಯ ರೋಗ. ಮೇಲೆ ಹೇಳಿದ ದಿನಚರಿಯೇ ಇದಕ್ಕೆ ಕಾರಣವಾಗುವುದುಂಟು; ಡಾಕರಿನ ರೂಢಿಯ ಏರ್ಪಾಡಿನಲ್ಲಿ ಲಾಗ್‌ಗೆ ಗಾತ್ರದ ಮಿತಿಯೇ ಇಲ್ಲ. ನಾವು ಮಿತಿಯನ್ನು ವಿಧಿಸಬೇಕು. ‘ಡಾಕರ್ ಸಿಸ್ಟಮ್ ಡಿಎಫ್’ ಎಂಬ ಆಜ್ಞೆಯು ಹಳೆಯ ಇಮೇಜುಗಳೆಷ್ಟು, ವಾಲ್ಯೂಮುಗಳೆಷ್ಟು ಜಾಗ ಹಿಡಿದಿವೆಯೆಂದು ಲೆಕ್ಕ ಕೊಡುತ್ತದೆ. ಜಾಗ ತೆರವು ಮಾಡಲು ‘ಪ್ರೂನ್’ ಎಂಬ ಆಜ್ಞೆಯುಂಟು. ಗಿಡದ ಒಣಕಡ್ಡಿಗಳನ್ನು ಸವರುವುದೆಂದು ಅದರ ವಾಚ್ಯಾರ್ಥ. ಆದರೆ ಈ ತೋಟಗಾರನಿಗೆ ನಿಂತ ಕಂಟೇನರುಗಳೆಲ್ಲ ಒಣಕಡ್ಡಿಗಳೇ! ರೋಗಬಂದು ನಿಂತಿರುವ ಕಂಟೇನರನ್ನೂ ಅದರ ಮೇಲ್ಪದರದಲ್ಲಿದ್ದ ಬರಹದೊಡನೆ ಸವರಿಹಾಕುತ್ತಾನೆ. ಅದಕ್ಕೆ ವಾಲ್ಯೂಮುಗಳನ್ನೂ ಸೇರಿಸಿ ಸವರೆಂಬ ವಿಶೇಷಣವನ್ನು ಕೊಟ್ಟರಂತೂ ಹೇಳುವುದೇ ಬೇಡ. ‘ಕಂಪೋಸ್ ಡೌನ್’ ಎಂಬ ಆಜ್ಞೆಯ ವಿಷಯವೂ ಹೀಗೆಯೇ. ಅದು ಕಂಟೇನರುಗಳನ್ನು ತೆಗೆದುಹಾಕಿ ಹೆಸರಿಟ್ಟ ವಾಲ್ಯೂಮುಗಳನ್ನು ಉಳಿಸುತ್ತದೆ. ಅದರ ಕೊನೆಗೆ ‘-ವಿ’ ಎಂಬ ಒಂದೇ ಅಕ್ಷರ ಸೇರಿದರೆ ಅವನ್ನೂ ಅಳಿಸುತ್ತದೆ. ಒಂದು ಅಕ್ಷರದಿಂದ ಅರ್ಥ ಬುಡಮೇಲಾಗುವ ಚಮತ್ಕಾರವನ್ನು ಅಲಂಕಾರಶಾಸ್ತ್ರದಲ್ಲಿ ಮೆಚ್ಚಬಹುದು, ಇಲ್ಲಿ ಮೆಚ್ಚಲಾಗದು.

ಇನ್ನೆರಡು ದೋಷಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಬೇರೆ ಡಿಸ್ಕಿನಿಂದ ಕಡತಗಳನ್ನು ಮರಳಿ ತಂದಾಗ ಅವುಗಳ ಒಡೆತನ ಬೇರೆಯವರ ಹೆಸರಿನಲ್ಲಿದ್ದು, ಕಂಟೇನರಿಗೆ ಪ್ರವೇಶ ನಿಷೇಧವೆಂಬ ಉತ್ತರ ಬರುವುದುಂಟು. ಒಡೆತನವನ್ನು ಕಂಟೇನರಿನ ಬಳಕೆದಾರಸಂಖ್ಯೆಗೆ ವರ್ಗಾಯಿಸಿದರೆ ಸಾಕು, ಎಲ್ಲರಿಗೂ ಎಲ್ಲ ಅಧಿಕಾರವನ್ನು ಕೊಡುವ ಅಡ್ಡದಾರಿ ಹಿಡಿಯಬಾರದು. ಎರಡನೆಯದು ಆವೃತ್ತಿಯ ದೋಷ. ಕಂಪೋಸ್ ಕಡತದಲ್ಲಿ ‘ಲೇಟೆಸ್ಟ್’, ಎಂದರೆ ಇತ್ತೀಚಿನದು, ಎಂದು ಬರೆದುಬಿಟ್ಟರೆ ಒಂದು ದಿನ ಡೇಟಾಬೇಸಿನ ಹೊಸ ಮಹಾ ಆವೃತ್ತಿ ಬಂದು ಹಳೆಯ ಕಡತಗಳನ್ನು ಓದಲು ನಿರಾಕರಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸಿನಲ್ಲಿ ಇದು ಪದೇಪದೇ ಕಾಣುವ ಸಂಗತಿ. ಆಗ ಹಿಂದಿದ್ದ ಆವೃತ್ತಿಯ ಸಂಖ್ಯೆಯನ್ನೇ ಬರೆದು ಎಬ್ಬಿಸಿದರೆ ಏಳುತ್ತದೆ.

ಕನ್ನಡಕ್ಕೆ ವಿಶೇಷವಾದ ಒಂದು ತೊಡಕನ್ನು ಮಾತ್ರ ಬಿಡುವಂತಿಲ್ಲ. ಕಾಗದಪತ್ರಗಳನ್ನು ಜೋಡಿಸಿಡುವ ಪೇಪರ್‌ಲೆಸ್-ಎನ್‌ಜಿಎಕ್ಸ್ ಎಂಬ ತಂತ್ರಾಂಶವು ಅಚ್ಚಾದ ಪುಟವನ್ನು ಓದಲು ಟೆಸರ್ಯಾಕ್ಟ್ ಎಂಬ ಅಕ್ಷರಗ್ರಾಹಿಯನ್ನು ಬಳಸುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಈ ಅಕ್ಷರಗ್ರಾಹಿಗೆ ಕನ್ನಡ ಬರುತ್ತದೆ. ಆದರೆ ಆ ಕಂಟೇನರಿನ ಅಚ್ಚಿನಲ್ಲಿ ಇಂಗ್ಲಿಷ್ ಮೊದಲಾದ ಐದು ಐರೋಪ್ಯ ಭಾಷೆಗಳನ್ನಷ್ಟೇ ತುಂಬಿರುತ್ತಾರೆ. ನಡೆಯುತ್ತಿರುವ ಕಂಟೇನರಿನ ಒಳಹೊಕ್ಕು ಕನ್ನಡದ ಪೊಟ್ಟಣವನ್ನು ಹಾಕಿದರೆ ಅಂದಿಗೆ ಕೆಲಸ ನಡೆಯುತ್ತದೆ. ಮುಂದಿನ ತಿಂಗಳು ಹೊಸ ಆವೃತ್ತಿಗೆ ಕಂಟೇನರನ್ನು ಮತ್ತೆ ಎರೆದಾಗ, ಉಗುರಿನಿಂದ ಬೆಲ್ಲದ ಮೇಲೆ ಬರೆದ ಬರಹದಂತೆ, ಆ ಪೊಟ್ಟಣ ಮಾಯ! ಯಂತ್ರವು ಕನ್ನಡದ ಪುಟವನ್ನು ಓದಲಾರದೆ ನಿಲ್ಲುತ್ತದೆ, ಇಲ್ಲವೇ ಇಂಗ್ಲಿಷಿನ ಕಣ್ಣಿನಿಂದ ಓದಿ ಅರ್ಥವಿಲ್ಲದ ಅಕ್ಷರಗಳನ್ನು ಉದುರಿಸುತ್ತದೆ. ಕನ್ನಡಕ್ಕೆ ನಿಯಮಿತವಾದ ‘ಕೆ-ಎ-ಎನ್’ ಎಂಬ ಮೂರಕ್ಷರದ ಸಂಕೇತವನ್ನು ಕಂಪೋಸ್ ಕಡತದಲ್ಲಿಯೇ ಎರಡು ಕಡೆ, ಹೆಚ್ಚುವರಿಯಾಗಿ ತರಿಸಬೇಕಾದ ಭಾಷೆಯೆಂದೂ ಓದಬೇಕಾದ ಭಾಷೆಯೆಂದೂ ನಮೂದಿಸುವುದು ಇದಕ್ಕೆ ಸ್ಥಿರವಾದ ಪರಿಹಾರ. ಹೀಗೆ ಮಾಡಿದರೂ ಒತ್ತಕ್ಷರಗಳಲ್ಲಿಯೂ ಅರ್ಕಾವೊತ್ತಿನಲ್ಲಿಯೂ ಯಂತ್ರ ಎಡವುತ್ತದೆ; ಓಲೆಯ ಕೈಬರಹವಂತೂ ಅದಕ್ಕೆ ಎಟುಕದು. ಪಂಡಿತರ ಉದ್ಯೋಗಕ್ಕೆ ಸದ್ಯಕ್ಕೆ ಬಾಧೆಯಿಲ್ಲ.

ಕಂಟೇನರ್ ಏಳುವಂತೆಯೇ ಇಲ್ಲ, ಆದರೆ ಒಳಗೆ ಅಮೂಲ್ಯವಾದುದು ಸಿಕ್ಕಿಕೊಂಡಿದೆ ಎಂದಾದರೆ? ಅಳಿಸದಿದ್ದಲ್ಲಿ ದಾರಿಯುಂಟು. ‘ಡಾಕರ್ ಸಿಪಿ’ ಎಂಬ ಆಜ್ಞೆಯು ನಿಂತ ಕಂಟೇನರಿನ ಒಡಲಿನಿಂದಲೂ ಕಡತಗಳನ್ನು ಹೊರಕ್ಕೆ ಪ್ರತಿಮಾಡಿ ಕೊಡುತ್ತದೆ. ಕಂಟೇನರನ್ನು ಈಗಾಗಲೇ ಅಳಿಸಿದ್ದರೂ ಆಶೆ ಬಿಡಬೇಕಿಲ್ಲ. ‘ಡಾಕರ್ ವಾಲ್ಯೂಮ್ ಎಲ್‌ಎಸ್’ ಎಂದು ಕೇಳಿದರೆ ಯಾರಿಗೂ ಸೇರದ, ಉದ್ದುದ್ದ ಅಂಕಾಕ್ಷರಗಳ ಹೆಸರುಳ್ಳ ಅನಾಥ ವಾಲ್ಯೂಮುಗಳು ಕಾಣಿಸಬಹುದು. ಹೆಸರಿಡದೆ ಹುಟ್ಟಿದ ಉಗ್ರಾಣಗಳವು. ಒಂದೊಂದನ್ನೂ ತೆರೆದು ನೋಡಿದರೆ ಕಳೆದುಹೋಯಿತೆಂದುಕೊಂಡದ್ದು ಅಲ್ಲಿ ಸಿಕ್ಕರೂ ಸಿಕ್ಕೀತು.

ಇವೆಲ್ಲ ಆಪತ್ಕಾಲದ ಉಪಾಯಗಳು. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರು ಮಾತ್ರವಾಗಿದ್ದು, ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಒಂದು ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ ಮೇಲೆ 1909ರಲ್ಲಿ ಅಚ್ಚಾಗಿ ಲೋಕಕ್ಕೆ ಮರಳಿತು. ಅಂಥ ಭಾಗ್ಯ ಎಲ್ಲ ಏಕೈಕ ಪ್ರತಿಗಳಿಗೂ ಒದಗುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬ ಕ್ರಮ ತಜ್ಞರಲ್ಲಿ ರೂಢಿಯಾಗಿದೆ. ಯಂತ್ರದೊಳಗೇ ಎರಡು ಡಿಸ್ಕುಗಳಿಗೆ ಏಕಕಾಲದಲ್ಲಿ ಬರೆಯುವ ವ್ಯವಸ್ಥೆಯನ್ನು ಪ್ರತಿಯೆಂದು ಎಣಿಸುವಂತಿಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅದೇ ಕ್ಷಣದಲ್ಲಿ ಅಳಿಯುತ್ತದೆ. ಡೇಟಾಬೇಸಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದು ನಡೆಯುತ್ತಿರುವಾಗ ಅದರ ಫೋಲ್ಡರನ್ನು ಹಾಗೆಯೇ ಪ್ರತಿಮಾಡಿದರೆ, ಬರೆಯುತ್ತಿರುವ ಲಿಪಿಕಾರನ ಕೈಯಿಂದ ಅರ್ಧ ಓಲೆಯನ್ನು ಕಿತ್ತುಕೊಂಡಂತೆ. ಮುಂದೆ ತೆರೆದಾಗ ಪಾಠ ಕೂಡುವುದಿಲ್ಲ. ಡೇಟಾಬೇಸಿಗೇ ಹೇಳಿ ಅದರ ‘ಡಂಪ್’ ಎಂಬ ಪೂರ್ಣಪ್ರತಿಯನ್ನು ಬರೆಸಿಕೊಳ್ಳಬೇಕು, ಇಲ್ಲವೇ ಕಂಟೇನರನ್ನು ನಿಲ್ಲಿಸಿ ಪ್ರತಿಮಾಡಬೇಕು.

ಪ್ರತಿ ಇದೆಯೆಂಬ ಮಾತ್ರಕ್ಕೆ ಪುನರುದ್ಧಾರವಾದೀತೆಂದು ಹೇಳಲಾಗದು. ನಮ್ಮ ವಿದ್ಯಾರ್ಥಿಯು ಮೇಲಿನ ಪ್ರಸಂಗದ ತರುವಾಯ ವರ್ಷಕ್ಕೆ ಎರಡು ಸಲ ಬೇರೊಂದು ಹಳೆಯ ಗಣಕದಲ್ಲಿ ಎಲ್ಲವನ್ನೂ ಬರಿದಿನಿಂದ ಎಬ್ಬಿಸಿ ನೋಡುವ ರೂಢಿ ಹಾಕಿಕೊಂಡಿದ್ದಾರೆ. ಕಂಪೋಸ್ ಕಡತ, ಡಂಪ್, ಚಿತ್ರಗಳ ಫೋಲ್ಡರು, ಈ ಮೂರರಿಂದಲೇ ಭಂಡಾರ ಏಳಬೇಕು. ಮೊದಲ ಸಲ ಅದು ಏಳಲಿಲ್ಲ. ಗುಪ್ತಪದಗಳನ್ನು ಬರೆದಿಡುವ ಪುಟ್ಟ ಕಡತವೊಂದು ಪ್ರತಿಯಲ್ಲಿ ಸೇರಿರಲಿಲ್ಲವೆಂದು ಆಗ ಗೊತ್ತಾಯಿತು. ಎರಡನೆಯ ಸಲ ಎದ್ದಿತು. ಎದ್ದ ಮೇಲೆ ನನ್ನನ್ನು ಕರೆದು, ಗುರುತುಹಾಕಿದ ಇಪ್ಪತ್ತು ಪುಟಗಳನ್ನು ತೆರೆಸಿ, ಕನ್ನಡದ ಕಡತನಾಮಗಳೂ ತಿದ್ದಿದ ಪಾಠಗಳೂ ಮೂಲದಲ್ಲಿದ್ದಂತೆಯೇ ಇವೆಯೇ ಎಂದು ಓದಿಸುತ್ತಾರೆ.

ಕಂಪೋಸ್ ಕಡತವನ್ನು ಅವರು ಕಾಗದದ ಮೇಲೆ ಮುದ್ರಿಸಿಯೂ ಇಟ್ಟಿದ್ದಾರೆ. ಒಟ್ಟು ಎರಡು ಪುಟ. ಅದರ ಹಿಂಬದಿಯಲ್ಲಿ ಡಿಸ್ಕಿನ ಗುರುತುಸಂಖ್ಯೆ, ಪ್ರತಿಗಳಿರುವ ಸ್ಥಳ, ಯಾವುದನ್ನು ನಿಲ್ಲಿಸಿ ಯಾವುದನ್ನು ಮೊದಲು ನಡೆಸಬೇಕೆಂಬ ಅನುಕ್ರಮ, ಇಷ್ಟನ್ನು ತಾವಿಲ್ಲದಾಗ ಮನೆಯವರಿಗೂ ತಿಳಿಯುವಂತೆ ಕನ್ನಡದಲ್ಲಿ ಕೈಯಿಂದ ಬರೆದಿದ್ದಾರೆ. ಗುಪ್ತಪದಗಳು ಮೊಹರು ಮಾಡಿದ ಬೇರೆ ಲಕೋಟೆಯಲ್ಲಿವೆ. ಆವೃತ್ತಿ ಬದಲಾದಾಗಲೆಲ್ಲ ಹಳೆಯ ಪುಟವನ್ನು ಹರಿದುಹಾಕದೆ ತೇದಿ ನಮೂದಿಸಿ ಕೆಳಗಿರಿಸಿ ಹೊಸ ಪುಟವನ್ನು ಮೇಲಿಡುತ್ತಾರೆ. ಒಂದು ಪ್ರತಿ ಅವರ ಮನೆಯ ಬೀರುವಿನಲ್ಲಿದೆ, ಇನ್ನೊಂದು ಕೊಳ್ಳೇಗಾಲದ ಬಂಧುಗಳ ಮನೆಯಲ್ಲಿ, ಹೊರಡಿಸ್ಕಿನ ಮೂರನೆಯ ಪ್ರತಿಯೊಡನೆ.